ಮಣ್ಣುಬಣ್ಣದ ಮಣಿಗಳ ಮರ್ಯಾದೆ

ಆಭರಣವೆಂದರೆ ಹೊಳೆಯತಕ್ಕ ವಸ್ತುವೆಂಬ ಭಾವನೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿರುವುದರಿಂದ, ಕೆಂಪು ಹರಳಿಗೂ ಪಚ್ಚೆಗೂ ಮುತ್ತುಹವಳಗಳಿಗೂ ಸಂದಿರುವ ಗೌರವವು ಕಂದು, ಬೂದು, ಕಾವಿ, ಗೋಧಿಬಣ್ಣಗಳ ಕಲ್ಲುಮಣಿಗಳಿಗೆ ಸಂದದ್ದು ಅಪರೂಪ. ಅಂಥ ಬಣ್ಣದ ಸರವೆಂದರೆ ರುದ್ರಾಕ್ಷಿ, ತುಳಸಿಮಣಿ; ಜಪಕ್ಕೆ ಕುಳಿತವರ ಕೊರಳಿಗೆ ಸಲ್ಲತಕ್ಕದ್ದು. ಮುತ್ತೈದೆಯೊಬ್ಬಳು ಅದನ್ನು ಧರಿಸಿ ಮದುವೆಮನೆಗೆ ಹೊರಟಳೆಂದರೆ, "ಇದೇನೇ ತಾಯಿ, ಸನ್ಯಾಸ ತಗೊಂಡೆಯಾ?" ಎಂದು ಹಿರಿಯರಲ್ಲಿ ಯಾರಾದರೊಬ್ಬರು ಕೇಳದೆ ಬಿಡುವುದಿಲ್ಲ. ಈಚೆಗೆ ಮನೆಯಲ್ಲಿಯೇ ಕುಳಿತು ಸರ, ಓಲೆ, ಕೈಸರಗಳನ್ನು ಪೋಣಿಸುವುದನ್ನು ಹವ್ಯಾಸವಾಗಿಯೋ ಸಣ್ಣ ವ್ಯಾಪಾರವಾಗಿಯೋ ಕೈಗೊಂಡಿರುವ ಹೆಣ್ಣುಮಕ್ಕಳು ಈ ಕಟ್ಟನ್ನು ಸಡಿಲಿಸಿರುವುದು ನನಗೆ ಸಂತೋಷದ ವಿಷಯ. ಆದರೆ ಮಣ್ಣುಬಣ್ಣ ಯಾವುದಕ್ಕಾದರೂ ಒಪ್ಪುತ್ತದೆಂಬ ಧೈರ್ಯದಿಂದ ಕೈಗೆ ಸಿಕ್ಕ ಎಳೆಯನ್ನು ಕೊಂಡು ತರುವ ರೂಢಿಯೂ ಅದರ ಜೊತೆಯಲ್ಲಿಯೇ ಬೆಳೆದಿದೆ. ನನ್ನ ತಕರಾರು ಇರುವುದು ಅಲ್ಲಿ. ಕಣ್ಣು ಕೋರೈಸುವ ವರ್ಣವು ಕಲ್ಲಿನ ದೋಷವನ್ನೂ ಕೆಲಸದ ದೋಷವನ್ನೂ ತನ್ನ ಅಬ್ಬರದಲ್ಲಿ ಮುಚ್ಚಿಬಿಡಬಲ್ಲದು. ಸೌಮ್ಯವರ್ಣಕ್ಕೆ ಆ ಸಾಮರ್ಥ್ಯವಿಲ್ಲವಾದ್ದರಿಂದ, ಆಯ್ಕೆಯಲ್ಲಿ ಹೆಚ್ಚಿನ ವಿವೇಚನೆ ಬೇಕಾದುದು ಅಲ್ಲಿಯೇ.

ಮೊದಲನೆಯ ಮಾತು ಬೆಳಕಿನದು. ಚಿಕ್ಕಪೇಟೆಯ ಆಸುಪಾಸಿನ ಇಕ್ಕಟ್ಟಾದ ಅಂಗಡಿಗಳಲ್ಲಿ ಮೊಳೆಗೆ ತೂಗುಹಾಕಿರುವ ನೂರಾರು ಎಳೆಗಳ ಮೇಲೆ ಬಿಳಿಯ ದೀಪದ ಪ್ರಕಾಶ ಬಿದ್ದಾಗ ಎಲ್ಲ ಕಂದುಗಳೂ ಒಂದೇ ಕುಲದವುಗಳಂತೆ ತೋರುತ್ತವೆ. ಅದೇ ಎಳೆಯನ್ನು ಬಾಗಿಲ ಹೊರಗೆ ತಂದು ಹಗಲು ಬೆಳಕಿಗೆ ಹಿಡಿದರೆ ಒಂದು ಕೆಂಪಿನತ್ತ ವಾಲುತ್ತದೆ, ಇನ್ನೊಂದು ಹಳದಿಯತ್ತ, ಮತ್ತೊಂದು ನೀಲಿಯ ಛಾಯೆಯುಳ್ಳ ಬೂದಿನತ್ತ. ಜಾಸ್ಪರ್ ಕಲ್ಲಿನ ಕಾವಿಗೂ ಧೂಮಸ್ಫಟಿಕದ ತಣ್ಣನೆಯ ಕಂದಿಗೂ ನಡುವೆ ಇರುವ ಅಂತರ ಸಣ್ಣದಲ್ಲ. ಕೆಂಪು ಹಳದಿಗಳ ಕಡೆಯ ಕಂದುಗಳು ಹಿತ್ತಾಳೆ ತಾಮ್ರಗಳ ಸಂಗಡ ಸೊಗಸುತ್ತವೆ. ಬೂದಿನ ಕಡೆಯವು ಬೆಳ್ಳಿಯನ್ನು ಬಯಸುತ್ತವೆ. ಇವೆರಡನ್ನೂ ವಿಚಾರವಿಲ್ಲದೆ ಬೆರೆಸಿದ ಸರವು ದೂರದಿಂದ ಕೊಳೆ ಹಿಡಿದಂತೆ ಕಾಣುವುದಾದರೆ ಅದು ಕಲ್ಲಿನ ಅಪರಾಧವಲ್ಲ. ಉಡುವ ಬಟ್ಟೆಯ ಒಂದು ತುಂಡನ್ನು ಸಂಗಡ ಒಯ್ದು, ಮಣಿಯನ್ನು ಅದರ ಮೇಲಿಟ್ಟು ನೋಡುವ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ದಾಳಿಂಬೆಗೆಂಪಿನ ಇಳಕಲ್ ಸೀರೆಯ ಮೇಲೆ ಹುಲಿಗಣ್ಣಿನ ಕಲ್ಲು ಪಡೆಯುವ ಗಾಂಭೀರ್ಯವನ್ನು ಕಂಡವರು ಮಣ್ಣುಬಣ್ಣವನ್ನು ಬಡಬಣ್ಣವೆಂದು ಕರೆಯಲಾರರು.

ಈ ವರ್ಣಗಳು ಹುಟ್ಟುವ ಬಗೆಯನ್ನು ತಿಳಿದರೆ ಆಯ್ಕೆ ಇನ್ನಷ್ಟು ಹದವಾಗುತ್ತದೆ. ವಿಜಯಪುರ, ಕಲಬುರಗಿ, ಬೀದರ ಸೀಮೆಗಳ ಎರೆಭೂಮಿಯ ಕೆಳಗೆ ಹಾಸಿರುವ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾರಸ. ಆ ರಸದಲ್ಲಿ ಅನಿಲದ ಗುಳ್ಳೆಗಳು ಬಿಟ್ಟುಹೋದ ಪೊಳ್ಳುಗಳಲ್ಲಿ ಸಿಲಿಕಾ ಬೆರೆತ ನೀರು ಕಾಲಕ್ರಮದಲ್ಲಿ ಪದರಪದರವಾಗಿ ಗಟ್ಟಿಯಾದುದೇ ಅಗೇಟ್. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಉತ್ಖನನ ನಡೆದಾಗ ಅಗೇಟ್, ಕಾರ್ನೀಲಿಯನ್ ಮೊದಲಾದ ಕಲ್ಲುಗಳ ಮಣಿಗಳು ದೊರೆತುವೆಂಬುದನ್ನು ನೆನೆದರೆ, ಈ ಅಭಿರುಚಿ ನಮಗೆ ನಿನ್ನೆ ಮೊನ್ನೆ ಬಂದುದಲ್ಲವೆಂಬುದು ವಿದಿತವಾಗುತ್ತದೆ. ಇಂದು ಈ ಕೆಲಸದ ದೊಡ್ಡ ನೆಲೆ ಗುಜರಾತಿನ ಖಂಭಾತ್. ಕಲ್ಲು ಬರುವುದು ಭರೂಚ ಜಿಲ್ಲೆಯ ರತನಪುರದ ಸುತ್ತಿನ ಗಣಿಗಳಿಂದ. ತೆಗೆದಾಗ ಅದು ಮಾಸಲು ಹಳದಿಯೋ ಮಂಕು ಕಂದೋ ಆಗಿರುವ ಸಾಮಾನ್ಯ ಉಂಡೆ. ಅದನ್ನು ಬಹುದಿನ ಬಿಸಿಲಿನಲ್ಲಿ ಒಣಗಿಸಿ, ಮಣ್ಣಿನ ಗಡಿಗೆಗಳಲ್ಲಿ ತುಂಬಿ, ಬೆರಣಿಯ ಮಂದವಾದ ಬೆಂಕಿಯಲ್ಲಿ ಇಟ್ಟಾಗ, ಒಳಗಿರುವ ಕಬ್ಬಿಣದ ಅಂಶ ನೀರನ್ನು ಕಳೆದುಕೊಂಡು ಕೆಂಪಾಗುತ್ತದೆ. ಕಾವು ಏರಿದ ಹಾಗೆಲ್ಲ ಜೇನುಬಣ್ಣ, ಕಿತ್ತಳೆ, ಇಟ್ಟಿಗೆಗೆಂಪು ಮೈದೋರುತ್ತವೆ. ಬಳಿಕ ಕುಶಲಿಯು ನೆಲದಲ್ಲಿ ನೆಟ್ಟ ಚೂಪಾದ ಕಬ್ಬಿಣದ ಸಲಾಕೆಗೆ ಕಲ್ಲನ್ನು ತಾಗಿಸಿ ಹಿಡಿದು, ಕೊಂಬಿನ ತಲೆಯ ಸಣ್ಣ ಸುತ್ತಿಗೆಯಿಂದ ಇತ್ತಲಿಂದ ಬಡಿಯುತ್ತಾನೆ. ಚಕ್ಕೆ ಏಳುವುದು ಅತ್ತ, ಸಲಾಕೆಯ ಮೊನೆ ಮುಟ್ಟಿದ ಕಡೆಯಲ್ಲಿ. ಕಲ್ಲನ್ನು ಹೀಗೆ ಕಾಯಿಸುವ ವಿದ್ಯೆ ಹರಪ್ಪದವರಿಗೂ ತಿಳಿದಿತ್ತು. ಅವರ ಕೈಯ ಉದ್ದನೆಯ ಕಾರ್ನೀಲಿಯನ್ ಮಣಿಗಳು ದೂರದ ಉರ್ ನಗರದ ರಾಜಸಮಾಧಿಗಳಲ್ಲಿ ದೊರೆತಿವೆ. ಕ್ರಿಸ್ತಶಕ ಮೊದಲನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಭಾಷೆಯ ನೌಕಾಗ್ರಂಥವು, ಇದೇ ಜಾತಿಯ ಕಲ್ಲು ಪೈಠಣದಿಂದ ಬಂಡಿಗಳ ಮೇಲೆ ಭರೂಚದ ಬಂದರಿಗೆ ಬರುತ್ತಿದ್ದುದನ್ನು ಹೇಳುತ್ತದೆ.

ಆದಕಾರಣ ಬೆಂಕಿಯಿಂದ ಬಂದ ಬಣ್ಣವನ್ನು ಕೃತಕವೆಂದು ಹಳಿಯುವವರ ಮಾತು ನನಗೆ ಒಪ್ಪಿಗೆಯಾಗದು. ಕಲ್ಲಿನೊಳಗೆ ಇದ್ದುದನ್ನೇ ಕಾವು ಪ್ರಕಟಪಡಿಸಿದೆಯೇ ಹೊರತು ಹೊರಗಿನಿಂದ ಏನನ್ನೂ ತಂದು ತುಂಬಿಲ್ಲ. ರಂಗು ಕುಡಿಸಿದ ಕಲ್ಲಿನ ವಿಷಯ ಬೇರೆ. ಅಗೇಟಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮರಂಧ್ರಗಳಿರುವುದರಿಂದ ಅದು ಬಣ್ಣವನ್ನು ಹೀರಬಲ್ಲದು. ಪೇಟೆಯಲ್ಲಿ ಓನಿಕ್ಸ್ ಎಂದು ಮಾರುವ ಕಡುಗಪ್ಪು ಮಣಿಗಳಲ್ಲಿ ಅನೇಕವು ಸಕ್ಕರೆಯ ಪಾಕದಲ್ಲಿ ನೆನೆದು, ಗಂಧಕಾಮ್ಲದಲ್ಲಿ ಅದ್ದಿಸಿಕೊಂಡು, ಒಳಗಿನ ಸಕ್ಕರೆ ಕರಿಕಾದುದರಿಂದ ಕಪ್ಪಾದವು. ಅದರಲ್ಲಿಯೂ ದೋಷವಿಲ್ಲ, ಹಾಗೆಂದು ಹೇಳಿ ಮಾರಿದರೆ. ಹೇಳದೆ ಮಾರುವುದೇ ವಂಚನೆ. ಕೊಳ್ಳುವವರು ಮಣಿಯ ರಂಧ್ರದ ಅಂಚನ್ನೂ ಮೈಯ ಬಿರುಕುಗಳನ್ನೂ ನಿದಾನಿಸಿ ನೋಡಬೇಕು. ರಂಗು ಅಲ್ಲಿ ಮಡುಗಟ್ಟಿ ಗಾಢವಾಗಿರುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಒಂದು ಮಣಿಯನ್ನು ಉಜ್ಜಿದರೆ ಹಗುರವಾಗಿ ಹಚ್ಚಿದ ಬಣ್ಣ ಹತ್ತಿಗೆ ಇಳಿಯುತ್ತದೆ. ಎಳೆಯೊಳಗಿನ ಪ್ರತಿಯೊಂದು ಮಣಿಯೂ ಅಚ್ಚಿನಲ್ಲಿ ಎರೆದಂತೆ ಒಂದೇ ವರ್ಣವಾಗಿದ್ದರೆ ಸಂದೇಹಪಡುವುದು ಮೇಲು. ಮಣ್ಣುಬಣ್ಣದ ಕಲ್ಲಿನ ಸೊಬಗೆಲ್ಲ ಅದರ ಅಸಮತೆಯಲ್ಲಿದೆ: ಒಂದರಲ್ಲಿ ಹಾಲಿನಂಥ ಪಟ್ಟೆ, ಪಕ್ಕದ್ದರಲ್ಲಿ ಅದೇ ಪಟ್ಟೆ ಮಂಜಾಗಿ ಕರಗಿರುವುದು.

ಅಳತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 16 ಅಂಗುಲದ ಎಳೆಯಲ್ಲಿ 8 ಮಿಲಿಮೀಟರಿನ ಮಣಿಗಳು ಸುಮಾರು 50 ಬರುತ್ತವೆ. ಕೊರಳಿಗೆ ಅದೇ ಸಾಕು, ಕಿವಿಗೆ 6 ಮಿಲಿಮೀಟರ್ ಹಿತ. ಆದರೆ ರಂಧ್ರವನ್ನು ಪರೀಕ್ಷಿಸದೆ ಕೊಳ್ಳಕೂಡದು. ಮಣಿಯನ್ನು ಎರಡು ತುದಿಗಳಿಂದಲೂ ಕೊರೆದಾಗ ಕೊರೆತಗಳು ನಡುವೆ ನೇರವಾಗಿ ಕೂಡದಿದ್ದರೆ ಸೂಜಿ ತಡೆಯುತ್ತದೆ. ಅಂಚು ನಯವಾಗದಿದ್ದರೆ ರೇಷ್ಮೆಯ ದಾರ ಕೆಲವೇ ತಿಂಗಳಲ್ಲಿ ಸವೆದು ಹರಿಯುತ್ತದೆ. ಸ್ಫಟಿಕಜಾತಿಯ ಕಲ್ಲು ಮೋಸ್ ಮಾನದಲ್ಲಿ 7ರ ಕಾಠಿಣ್ಯವುಳ್ಳದ್ದು, ದಾರಕ್ಕೆ ಅದು ಕರುಣೆ ತೋರದು. ಹಿಂದೆ ಪಟವೇಗಾರರು ಮಣಿಮಣಿಗಳ ನಡುವೆ ಗಂಟು ಹಾಕುತ್ತಿದ್ದುದು ಬರಿಯ ಅಲಂಕಾರಕ್ಕಲ್ಲ. ಗಂಟಿಗೆ ವ್ಯವಧಾನವಿಲ್ಲದವರು ಅಂಗಡಿಯವರು ಗೇರ್ ವೈರ್ ಎನ್ನುವ, ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ತಂತಿಯನ್ನು ಬಳಸಲಿ.

ಈ ಕಲ್ಲು ಕೋಪ ಇಳಿಸುತ್ತದೆ, ಆ ಕಲ್ಲು ಲಕ್ಷ್ಮಿಯನ್ನು ತರುತ್ತದೆ ಎಂಬ ಚೀಟಿಗಳನ್ನು ಎಳೆಗಳಿಗೆ ಅಂಟಿಸುವ ವ್ಯಾಪಾರವನ್ನು ಕುರಿತು ವಾದಿಸುವ ಇಚ್ಛೆ ನನಗಿಲ್ಲ. ಆ ಚೀಟಿಗಾಗಿ ಹೆಚ್ಚು ಹಣ ತೆತ್ತವರ ಕೋಪವನ್ನು ಆ ಕಲ್ಲೇ ಇಳಿಸಲಿ.

ಬೆಲೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಅಗೇಟನ್ನು ಅರೆದು ಉಜ್ಜುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ಎಂಬ, ಗುಣವಾಗದ ವ್ಯಾಧಿಯನ್ನು ತರುತ್ತದೆ. ಖಂಭಾತಿನಲ್ಲಿ ಈ ಕೆಲಸ ಬಹುಪಾಲು ಮನೆಯಂಗಳಗಳಲ್ಲಿಯೇ ನಡೆಯುವುದರಿಂದ, ಅರೆಯುವವನ ಸಂಗಡ ಅವನ ಹೆಂಡತಿ ಮಕ್ಕಳೂ ಅಕ್ಕಪಕ್ಕದವರೂ ಆ ಧೂಳನ್ನು ಉಸಿರಾಡುತ್ತಾರೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇದನ್ನು ಅಧ್ಯಯನ ಮಾಡಿ, ಧೂಳನ್ನು ಹೀರಿ ತೆಗೆಯುವ ಉಪಕರಣಗಳನ್ನೂ ರೂಪಿಸಿದರು. ಉಪಕರಣಕ್ಕೆ ಹಣ ಬೇಕು, ಅದನ್ನು ಓಡಿಸುವ ವಿದ್ಯುತ್ತಿಗೂ ಬೇಕು. ಎಳೆಗೆ ಇನ್ನೂ ಇಪ್ಪತ್ತು ರೂಪಾಯಿ ಇಳಿಸೆಂದು ನಾವು ಅಂಗಡಿಯಲ್ಲಿ ಜಗ್ಗಾಡುವಾಗ ಆ ಇಳಿತ ಕಡೆಗೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಪ್ರತಿ ಎಳೆಯ ಮೇಲೆ ಕಲ್ಲಿನ ಊರು, ಕಾಯಿಸಿದ್ದೋ ರಂಗು ಹಾಕಿದ್ದೋ ಎಂಬ ವಿವರ, ಕೆಲಸ ನಡೆದ ಸ್ಥಳ ಇವು ಬರೆದಿರಬೇಕೆಂದು ಕೊಳ್ಳುವವರು ಕೇಳಲಾರಂಭಿಸಬೇಕು. ಮಣಿ ಪೋಣಿಸಿ ಮಾರುವ ನಮ್ಮ ಹೆಣ್ಣುಮಕ್ಕಳು ಮೊದಲು ಕೇಳಿದರೆ ಇನ್ನೂ ಚೆನ್ನ, ಏಕೆಂದರೆ ಅವರದು ಒಂದೆರಡು ಎಳೆಯ ಖರೀದಿಯಲ್ಲ. ಈ ಪ್ರಶ್ನೆಗೆ ತಡಮಾಡಿಯಾದರೂ ವಿಚಾರಿಸಿ ಹೇಳುವ ವ್ಯಾಪಾರಿಗಳು ಉಂಟು. "ಎಲ್ಲಾ ಒರಿಜಿನಲ್ಲೇ ಮೇಡಮ್, ಎಷ್ಟು ಎಳೆ ಕೊಡಲಿ?" ಎಂಬ ಉತ್ತರ ಬಂದಲ್ಲಿ ಎಳೆಯನ್ನು ಮೊಳೆಗೆ ತಿರುಗಿ ತೂಗುಹಾಕಿ ಪಕ್ಕದ ಅಂಗಡಿಗೆ ಹೋಗುವುದು ಲೇಸು.