ಮಾನಿಟರ್ ಕೊಳ್ಳುವಾಗ ಕನ್ನಡ ಇಟ್ಟು ನೋಡಿ

ನೇಪರ್‌ವಿಲ್ ಇರಲಿ, ನೋವೈ ಇರಲಿ, ನಮ್ಮ ಮನೆಗಳಲ್ಲಿ ಈಗ ಒಂದು ಕೋಣೆಗೆ ‘ಆಫೀಸ್ ರೂಮ್’ ಅನ್ನುವ ಹೆಸರು ಕಾಯಂ ಆಗಿದೆ. ವಾರದಲ್ಲಿ ಎರಡು ಮೂರು ದಿನ ಕೆಲಸವೆಲ್ಲ ಅಲ್ಲೇ. 2020ರಲ್ಲಿ ಅವಸರಕ್ಕೆ ತಂದ ಮಾನಿಟರ್ ಹಳತಾಯಿತು, ಈ ಸಲ ಸ್ವಲ್ಪ ದುಡ್ಡು ಹಾಕಿ ಒಳ್ಳೆಯದನ್ನೇ ತರೋಣ ಎಂದು ನಿಮ್ಮಲ್ಲಿ ಹಲವರು ಯೋಚಿಸುತ್ತಿರಬಹುದು. ತರುವ ಮೊದಲು ಒಂದು ಮಾತು. ಹಗಲಲ್ಲಿ ಆ ಪರದೆ ನಿಮ್ಮ ಆಫೀಸಿನದು, ಸರಿ. ಸಂಜೆ ಮತ್ತು ವಾರದ ಕೊನೆಯಲ್ಲಿ ಅದೇ ಪರದೆ ಮಕ್ಕಳ ಕನ್ನಡದ ಪುಟವೂ ಆಗಬಹುದು. ಹಾಗಾಗಬೇಕಾದರೆ ಆರಿಸುವ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಒತ್ತಕ್ಷರಕ್ಕೆ ಜಾಗ ಬೇಕು

ಇಂಗ್ಲಿಷ್ ಸಾಲು ಹೆಚ್ಚುಕಡಿಮೆ ಒಂದೇ ಅಂತಸ್ತಿನ ಮನೆ. ಕನ್ನಡದ್ದು ಹಾಗಲ್ಲ. ನಡುವೆ ಅಕ್ಷರ, ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತು. ಮಗು ಮೊದಲು ಓದುವ ಪದಗಳನ್ನೇ ನೋಡಿ: ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ತಾತ, ಮಾವನಂಥ ಕೆಲವರನ್ನು ಬಿಟ್ಟರೆ ಒತ್ತಿಲ್ಲದ ನೆಂಟರು ಸಿಗುವುದೇ ಕಷ್ಟ! ಇನ್ನು ದ-ಧ, ಪ-ಫ, ಬ-ಭ, ಡ-ಢ ಜೋಡಿಗಳ ನಡುವಿನ ವ್ಯತ್ಯಾಸವೆಲ್ಲ ಕೆಳಗಿನ ಒಂದು ಚಿಕ್ಕ ಸೀಳಿನಲ್ಲಿದೆ. ದ ಮತ್ತು ಥ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಚುಕ್ಕೆಯಿಂದ.

ಈಗ ಪರದೆಯ ಲೆಕ್ಕಕ್ಕೆ ಬನ್ನಿ. 27 ಇಂಚಿನ ಸಾಮಾನ್ಯ 1080ಪಿ ಮಾನಿಟರಿನಲ್ಲಿ ಒಂದು ಇಂಚಿಗೆ ಸುಮಾರು 82 ಪಿಕ್ಸೆಲ್. ಅದೇ ಅಳತೆಯ 1440ಪಿಯಲ್ಲಿ 109, 4ಕೆಯಲ್ಲಿ 163, 5ಕೆಯಲ್ಲಿ 218. ಒಟ್ಟು ಎಣಿಸಿದರೆ 1080ಪಿಯಲ್ಲಿ ಸುಮಾರು 21 ಲಕ್ಷ ಚುಕ್ಕೆ, 4ಕೆಯಲ್ಲಿ 83 ಲಕ್ಷ. ಅಂದರೆ ಅದೇ ಗಾತ್ರದ ಅಕ್ಷರವನ್ನು ಬರೆಯಲು ನಾಲ್ಕು ಪಟ್ಟು ಚುಕ್ಕೆಗಳು ಸಿಗುತ್ತವೆ. ಕಡಿಮೆ ಚುಕ್ಕೆಯ ಪರದೆಯಲ್ಲಿ ಇಂಗ್ಲಿಷ್ ಹೇಗೋ ನಡೆದುಹೋಗುತ್ತದೆ. ಕನ್ನಡದ ಒತ್ತು ಮಾತ್ರ ಹಿಟ್ಟು ಮೆತ್ತಿದ ಹಾಗೆ ಕಾಣುತ್ತದೆ.

ನೀವು ಊರಿನಲ್ಲಿ ಕನ್ನಡ ಓದಿ ಬೆಳೆದವರು. ಅಕ್ಷರ ಮಸುಕಾಗಿದ್ದರೂ ಪದದ ಆಕಾರ ಹಿಡಿದು ಓದಿಬಿಡುತ್ತೀರಿ. ಏಳು ವರ್ಷದ ಮಗುವಿಗೆ ಆ ಊಹೆ ಇನ್ನೂ ಬಂದಿರುವುದಿಲ್ಲ. ಅದು ಒಂದೊಂದೇ ಅಕ್ಷರವನ್ನು ಕಣ್ಣಿಟ್ಟು ಬಿಡಿಸಬೇಕು. ಎರಡು ಸಾಲು ಓದಿ ‘ಇಟ್ಸ್ ಟೂ ಹಾರ್ಡ್’ ಎಂದು ಎದ್ದು ಹೋದರೆ, ಇವಳಿಗೆ ಕನ್ನಡದಲ್ಲಿ ಆಸಕ್ತಿ ಇಲ್ಲ ಎಂದು ತೀರ್ಮಾನಿಸುವ ಮೊದಲು ಪುಟವನ್ನು 200 ಪರ್ಸೆಂಟಿಗೆ ಹಿಗ್ಗಿಸಿ ನೋಡಿ. ಇದಕ್ಕೆ ಒಂದು ಡಾಲರೂ ಬೇಡ, ಹಳೆಯ ಮಾನಿಟರಿನಲ್ಲೂ ಆಗುತ್ತದೆ. ಅಷ್ಟರಿಂದಲೇ ಓದು ಸಲೀಸಾದರೆ ಹೊಸ ಪರದೆಯ ವಿಚಾರವನ್ನು ನಿಧಾನವಾಗಿ ನೋಡಬಹುದು.

ಇಬ್ಬರು ಕೂರುವ ಪರದೆ

ದುಬಾರಿ ಮಾನಿಟರುಗಳಲ್ಲಿ ಹೆಚ್ಚಿನವು ಒಬ್ಬರೇ ಕೂರುವವರನ್ನು ನೆನೆದು ಮಾಡಿದವು. 34 ಇಂಚಿನ ಬಾಗಿದ ಅಲ್ಟ್ರಾವೈಡ್ ಅದಕ್ಕೆ ಒಳ್ಳೆಯ ಉದಾಹರಣೆ. ನಡುವೆ ಕೂತವರಿಗೆ ಚೆಂದ, ಪಕ್ಕದಲ್ಲಿ ಇಣುಕುವ ಮಗುವಿಗೆ ಒಂದು ಬದಿ ಓರೆ. ಮೇಲಾಗಿ 3440×1440ರ ಅಲ್ಟ್ರಾವೈಡ್‌ನಲ್ಲಿ ಇಂಚಿಗೆ ಸಿಗುವುದು ಸುಮಾರು 110 ಪಿಕ್ಸೆಲ್ ಮಾತ್ರ. ಅಗಲಕ್ಕೆ ದುಡ್ಡು ಕೊಟ್ಟಿರುತ್ತೀರಿ, ಅಕ್ಷರದ ನುಣುಪಿಗೆ ಅಲ್ಲ.

ಪಕ್ಕದಿಂದ ನೋಡಿದರೂ ಬಣ್ಣ ಮಾಸದಿರುವುದು ಐಪಿಎಸ್ ಪ್ಯಾನೆಲ್. ಇಬ್ಬರು ಕೂತು ಓದಲು ಅದೇ ವಾಸಿ. ಒಎಲ್‌ಇಡಿ ಪರದೆಗಳ ಕಪ್ಪು ಬಲು ಚೆಂದ, ಸಿನಿಮಾಕ್ಕೆ ಹೇಳಿ ಮಾಡಿಸಿದ್ದು. ಆದರೆ ಹಲವು ಒಎಲ್‌ಇಡಿ ಮಾನಿಟರುಗಳಲ್ಲಿ ಕೆಂಪು-ಹಸಿರು-ನೀಲಿ ಬಿಂದುಗಳನ್ನು ಜೋಡಿಸಿರುವ ಕ್ರಮವೇ ಬೇರೆ. ಅದರಿಂದ ಸಣ್ಣ ಅಕ್ಷರದ ಅಂಚಿನಲ್ಲಿ ತೆಳು ಬಣ್ಣದ ಗೆರೆ ಕಾಣಬಹುದು. 144, 240 ಹರ್ಟ್ಸ್ ಎಂಬ ದೊಡ್ಡ ಸಂಖ್ಯೆಗಳಿಗೆ ಮರುಳಾಗಬೇಡಿ. ಅವು ಆಟಕ್ಕೆ, ಓದಿಗೆ 60 ಸಾಕು.

ಸ್ಟ್ಯಾಂಡ್ ಮೇಲೆ-ಕೆಳಗೆ ಸರಿಯುವಂತಿರಲಿ. ಪರದೆಯ ಮೇಲಂಚು ನೋಡುವವರ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗಿರಬೇಕು. ನಿಮ್ಮ ಕಣ್ಣಿನ ಎತ್ತರ ಬೇರೆ, ಮಗುವಿನದು ಬೇರೆ. ಕಾಲು ನೆಲಕ್ಕೆ ಎಟುಕದಿದ್ದರೆ ಒಂದು ಮಣೆ ಇಟ್ಟುಬಿಡಿ.

ಒಂದು ಪರದೆ, ಎರಡು ಕಂಪ್ಯೂಟರ್

ಆಫೀಸಿನ ಲ್ಯಾಪ್‌ಟಾಪನ್ನು ಮಕ್ಕಳ ಕೈಗೆ ಕೊಡುವ ಹಾಗಿಲ್ಲ. ಕನ್ನಡ ಕೀಬೋರ್ಡ್ ಹಾಕಲೂ ಎಷ್ಟೋ ಕಂಪನಿಗಳು ಬಿಡುವುದಿಲ್ಲ. ಹಾಗಾಗಿ ಮನೆಯದೊಂದು ಕಂಪ್ಯೂಟರ್ ಬೇಕು, ಹಳೆಯದಾದರೂ ಅಡ್ಡಿಯಿಲ್ಲ, 4ಕೆ ಪರದೆಯನ್ನು ನಡೆಸುವಂತಿದ್ದರೆ ಆಯಿತು. ಮಾನಿಟರಿನಲ್ಲಿ ಕೆವಿಎಂ ಸೌಲಭ್ಯ ಇದ್ದರೆ ಒಂದೇ ಕೀಬೋರ್ಡ್, ಒಂದೇ ಮೌಸ್ ಎರಡಕ್ಕೂ ಸಾಕು. ಆಫೀಸಿನ ಲ್ಯಾಪ್‌ಟಾಪ್ ಯುಎಸ್‌ಬಿ-ಸಿಗೆ, ಮನೆಯದು ಎಚ್‌ಡಿಎಂಐಗೆ. ಐದು ಗಂಟೆಗೆ ಬದಲಿಸಿದರೆ ಆಫೀಸು ಮುಗಿಯಿತು.

ಎರಡು ಹೆಸರಾಂತ ಮಾನಿಟರುಗಳನ್ನು ಹೋಲಿಸಿ ನೋಡಿ. 2022ರಲ್ಲಿ ಬಂದ ಆ್ಯಪಲ್ ಸ್ಟುಡಿಯೋ ಡಿಸ್‌ಪ್ಲೇ 27 ಇಂಚಿನ 5ಕೆ. ಕನ್ನಡ ಅದರಲ್ಲಿ ಅಚ್ಚಾದ ಪುಸ್ತಕದ ಹಾಗೆ ಕಾಣುತ್ತದೆ. ಆದರೆ ಬಂದಾಗ ಅದರ ಬೆಲೆ 1,599 ಡಾಲರ್, ಎತ್ತರ ಸರಿಯುವ ಸ್ಟ್ಯಾಂಡಿಗೆ ಇನ್ನೂ 400. ಎಚ್‌ಡಿಎಂಐ ಇಲ್ಲ, ಕಂಪ್ಯೂಟರ್ ಜೋಡಿಸಲು ಇರುವುದು ಒಂದೇ ಕಿಂಡಿ. ಅದೇ ವರ್ಷ ಬಂದ ಡೆಲ್ ಯು2723ಕ್ಯೂಇ 27 ಇಂಚಿನ 4ಕೆ. ಅದರಲ್ಲಿ ಕೆವಿಎಂ ಇದೆ, ಎತ್ತರ ಸರಿಯುವ ಸ್ಟ್ಯಾಂಡ್ ಜೊತೆಗೇ ಬರುತ್ತದೆ, ಬೆಲೆ ಸ್ಟುಡಿಯೋ ಡಿಸ್‌ಪ್ಲೇಗಿಂತ ಎಷ್ಟೋ ಕಡಿಮೆ. ಫೋಟೋ, ವಿಡಿಯೋ ಕೆಲಸ ಮಾಡುವವರ ಮಾತು ಬೇರೆ. ಮಕ್ಕಳಿರುವ ಮನೆಗೆ ಈ ಎರಡನೆಯ ಬಗೆಯದೇ ಹೆಚ್ಚು ಒದಗುತ್ತದೆ.

ಅಜ್ಜಿಗೆ ಅರ್ಧ ಪರದೆ

ಬೇಸಿಗೆಯಲ್ಲಿ ಶಿಕಾಗೊದ ಶನಿವಾರ ಬೆಳಿಗ್ಗೆ 9 ಗಂಟೆ ಎಂದರೆ ಡೆಟ್ರಾಯಿಟ್‌ನಲ್ಲಿ 10, ಊರಿನಲ್ಲಿ ಸಂಜೆ 7:30. ನವೆಂಬರಿನಲ್ಲಿ ನಮ್ಮ ಗಡಿಯಾರ ಹಿಂದೆ ಹೋದ ಮೇಲೆ ಅಲ್ಲಿ 8:30 ಆಗುತ್ತದೆ, ಅಜ್ಜಿಯ ಊಟದ ಹೊತ್ತು. ಕರೆಯನ್ನು ಒಂದು ಗಂಟೆ ಮುಂದಾಗಿ ಮಾಡಿ. ಫೋನಿನಲ್ಲಿ ಮಾತಾಡಿದರೆ ‘ಊಟ ಆಯ್ತಾ, ಸ್ಕೂಲ್ ಹೇಗಿದೆ’ ಎಂಬಲ್ಲಿಗೆ ಕನ್ನಡ ಮುಗಿದುಹೋಗುತ್ತದೆ. ದೊಡ್ಡ ಪರದೆಯಲ್ಲಿ ಅರ್ಧಕ್ಕೆ ಅಜ್ಜಿಯನ್ನು, ಇನ್ನರ್ಧಕ್ಕೆ ಕಥೆಯ ಪುಟವನ್ನು ಇಡಬಹುದು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ, ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಯೂ ಇವೆ.

ಮಗು ಗಟ್ಟಿಯಾಗಿ ಓದಲಿ, ಅಜ್ಜಿ ತಿದ್ದಲಿ. ಇಲ್ಲಿ ಬೆಳೆದ ಮಕ್ಕಳ ಬಾಯಲ್ಲಿ ಳಕಾರ ಲಕಾರವಾಗುವುದು ಸಾಮಾನ್ಯ. ‘ನಮ್ಮಜ್ಜಿ ಹಲ್ಲಿಯಲ್ಲಿದ್ದಾರೆ’ ಎಂದು ಓದಿದಾಗ ಅಜ್ಜಿ ನಕ್ಕು, ‘ಹಲ್ಲಿ ಗೋಡೆ ಮೇಲಿರುತ್ತೆ ಪುಟ್ಟಾ, ನಾನಿರೋದು ಹಳ್ಳಿಯಲ್ಲಿ’ ಎಂದು ತಿದ್ದುವ ಪಾಠವನ್ನು ಯಾವ ಆ್ಯಪ್ ಕೂಡ ಹೇಳಿಕೊಡಲಾರದು. ಆ ಗಳಿಗೆಯಲ್ಲಿ ಲ್ಲ ಮತ್ತು ಳ್ಳ ಪರದೆಯ ಮೇಲೆ ಬೇರೆ ಬೇರೆಯಾಗಿ ಕಂಡರೆ ಕಿವಿ ಕೇಳಿದ್ದನ್ನು ಕಣ್ಣೂ ಕಲಿಯುತ್ತದೆ. ಅಜ್ಜಿಯ ಮುಖ ಕ್ಯಾಮೆರಾದ ಕೆಳಗೇ ಬರುವಂತೆ ಕಿಟಕಿಯನ್ನು ಮೇಲೆ ಸರಿಸಿಡಿ. ಮಗು ಎಲ್ಲೋ ನೋಡುತ್ತಿದೆ ಎಂದು ಅವರಿಗೆ ಅನ್ನಿಸಬಾರದು.

ಇಪ್ಪತ್ತು ನಿಮಿಷ ಸಾಕು. ಆಮೇಲೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಮಾಡಿಸಿ. ಕಿಟಕಿಯಾಚೆ ಮರವಿದ್ದರೆ ಅದರ ಹೆಸರನ್ನು ಕನ್ನಡದಲ್ಲಿ ಹುಡುಕಲಿ.

ದುಡ್ಡಿನ ಮಾತು

ಇಲಿನಾಯ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಅನುಕೂಲವಿದೆ. 2019ರ ಜನವರಿ 1ರಿಂದ ಅಲ್ಲಿನ ಕಾನೂನಿನಂತೆ, ಕೆಲಸಕ್ಕೆ ಅಗತ್ಯವೆಂದು ಕಂಪನಿ ಒಪ್ಪಿದ ಖರ್ಚನ್ನು ಕಂಪನಿ ಭರಿಸಬೇಕು. ರಸೀದಿಯನ್ನು ಸಾಮಾನ್ಯವಾಗಿ 30 ದಿನದೊಳಗೆ ಕೊಡಬೇಕು. ಕೊಂಡ ಮೇಲೆ ಕೇಳುವುದಕ್ಕಿಂತ ಮ್ಯಾನೇಜರ್ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಮಾನಿಟರ್ ಕಂಪನಿಯ ಸ್ವತ್ತಾಗುತ್ತದೆಯೋ, ಮನೆಯವರೂ ಬಳಸಬಹುದೋ ಎಂಬುದನ್ನು ಆಗಲೇ ಕೇಳಿಬಿಡಿ. ಮಿಷಿಗನ್‌ನವರು ತಮ್ಮ ಕಂಪನಿಯ ನಿಯಮವನ್ನೇ ನೋಡಿಕೊಳ್ಳಬೇಕು. ಸೇಲ್ಸ್ ಟ್ಯಾಕ್ಸ್‌ನಲ್ಲಿ ಮಾತ್ರ ಅವರಿಗೆ ಲಾಭ: ಅಲ್ಲಿ 6 ಪರ್ಸೆಂಟ್, ಶಿಕಾಗೊ ನಗರದಲ್ಲಿ 2025ರಲ್ಲಿ 10.25 ಇತ್ತು.

ಈ ವಾರದ ಕೆಲಸ

ಮೈಕ್ರೋ ಸೆಂಟರ್ ಅಂಗಡಿ ಶಿಕಾಗೊ ಕಡೆಯವರಿಗೆ ವೆಸ್ಟ್‌ಮಾಂಟ್‌ನಲ್ಲಿದೆ, ಡೆಟ್ರಾಯಿಟ್ ಕಡೆಯವರಿಗೆ ಮ್ಯಾಡಿಸನ್ ಹೈಟ್ಸ್‌ನಲ್ಲಿ. ನಿಮ್ಮ ಲ್ಯಾಪ್‌ಟಾಪ್, ಒಂದು ಕೇಬಲ್ ಮತ್ತು ಮಗುವನ್ನು ಕರೆದುಕೊಂಡು ಹೋಗಿ. ಜೋಡಿಸಿ ನೋಡಬಹುದೇ ಎಂದು ಅಂಗಡಿಯವರನ್ನು ಕೇಳಿ. ಅಲ್ಲಿ ಓಡುತ್ತಿರುವ ಜಲಪಾತದ ವಿಡಿಯೋ ನೋಡಿ ಮಾರುಹೋಗಬೇಡಿ. ಚಿಕ್ಕಪ್ಪ, ದೊಡ್ಡಮ್ಮ, ಹಳ್ಳಿ, ಹಲ್ಲಿ, ರಾಷ್ಟ್ರ, ಸ್ವಾತಂತ್ರ್ಯ ಎಂಬ ಆರು ಪದಗಳನ್ನು ಮಾಮೂಲಿ ಗಾತ್ರದಲ್ಲಿ ಬರೆದು ಪರದೆಯ ಮೇಲೆ ಇಡಿ. ಒಂದು ತೋಳಿನಷ್ಟು ದೂರದಿಂದ, ಪಕ್ಕಕ್ಕೆ ಸರಿದು ಕೂತು, ಮಗು ಒತ್ತುಗಳನ್ನು ಬೆರಳಿಟ್ಟು ತೋರಿಸಲಿ. ತಡವರಿಸದೆ ತೋರಿಸಿದರೆ ಆ ಮಾನಿಟರ್ ನಿಮ್ಮ ಮನೆಗೆ ಸಾಕು, ಅದಕ್ಕಿಂತ ದುಬಾರಿಯದು ಬೇಡ.

ಉಳಿದ ದುಡ್ಡಿನಲ್ಲಿ ಎರಡನೆಯ ಕುರ್ಚಿ ಕೊಳ್ಳಿ. ಮೇಜಿನ ಮುಂದೆ ನಿಮ್ಮದೊಂದೇ ಕುರ್ಚಿ ಇದ್ದರೆ, ಎಷ್ಟು ಒಳ್ಳೆಯ ಪರದೆ ತಂದರೂ ಅದು ಆಫೀಸಿನದಾಗಿಯೇ ಉಳಿಯುತ್ತದೆ.