ಪಿಳ್ಳೆ ಗೊರಗುಟ್ಟಿದರೆ ಬೀದಿಯೇ ಎಚ್ಚರವಾಗಬೇಕು

ನಮ್ಮ ಸತ್ತೇಗಾಲದ ಕಡೆ ನಾಟಿಕೋಳಿ ಸಾಕದ ಬೀದಿ ಹುಡುಕುವುದು ಕಷ್ಟ. ಹಸು, ಎಮ್ಮೆ ಮೇವು ಬಿಟ್ಟರೆ ಡಾಕ್ಟ್ರಿಗೆ ಫೋನ್ ಹೋಗುತ್ತದೆ. ಕೋಳಿಪಿಳ್ಳೆ ಕೊಕ್ಕು ತೆರೆದು, ಕತ್ತು ಮೇಲೆತ್ತಿ ಉಸಿರಿಗೆ ಒದ್ದಾಡುತ್ತಿದ್ದರೆ ಮಾತ್ರ, 'ಹೋಗ್ಲಿ ಬುಡು, ಪಿಳ್ಳೆ ತಾನೆ' ಅನ್ನುತ್ತೇವೆ. ಈ ಮಾತು ನಮಗೆ ಎಷ್ಟು ದುಬಾರಿ ಅನ್ನುವುದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಲೆಕ್ಕ ಹಾಕೋಣ. ಒಂದು ಹ್ಯಾಟೆ 10 ಪಿಳ್ಳೆ ಮಾಡಿತು ಅನ್ನಿ. ಹದ್ದು, ನಾಯಿ, ಮುಂಗುಸಿ ಪಾಲು ಕಳೆದು 6 ಉಳಿದವು. ಒಂದೊಂದು ಒಂದೂವರೆ ಕೆ.ಜಿ. ತೂಗಿ, ಕೆ.ಜಿ.ಗೆ 400 ರೂಪಾಯಿ ಸಿಕ್ಕರೆ 3,600 ರೂಪಾಯಿ ಆಯಿತು. ಅದು ಹೆಚ್ಚಾಗಿ ಮನೆ ಹೆಂಗಸರ ಕೈಗೆ ಬರುವ ದುಡ್ಡು. ಸಂಘದ ಕಂತು, ಮಕ್ಕಳ ಬಸ್ಸಿನ ಚಾರ್ಜು, ಮಾತ್ರೆ ಖರ್ಚು ಅದರಲ್ಲೇ ನಡೆಯುತ್ತದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ. ಇಷ್ಟು ದೊಡ್ಡ ಆಸ್ತಿಯನ್ನು 'ತಾನೆ' ಅನ್ನುವ ಒಂದು ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ.

ಪಿಳ್ಳೆಗೆ ಉಸಿರು ಕಟ್ಟುವುದಕ್ಕೆ ಕಾರಣ ಒಂದೇ ಇರುವುದಿಲ್ಲ. ಕೆಲವು ನಮ್ಮ ಕೈಯಲ್ಲೇ ಇರುತ್ತವೆ. ಗೂಡಿನಲ್ಲಿ ಹಿಕ್ಕೆ, ನೀರು ಸೇರಿ ಒದ್ದೆಯಾದರೆ ಅಮೋನಿಯಾ ಗಾಳಿ ಏಳುತ್ತದೆ. ಬಗ್ಗಿದಾಗ ನಿಮ್ಮ ಕಣ್ಣೇ ಉರಿದರೆ, ನೆಲಕ್ಕೆ ಅಂಟಿಕೊಂಡು ಮಲಗುವ ಪಿಳ್ಳೆಯ ಪಾಡು ಊಹಿಸಿಕೊಳ್ಳಿ. ಬೂಷ್ಟು ಹಿಡಿದ ಹುಲ್ಲು, ಹೊಟ್ಟು ಹಾಸಿದರೆ ಆ ಬೂಷ್ಟೇ ಎಳೆಯ ಮರಿಗಳ ಶ್ವಾಸಕೋಶ ಹಿಡಿಯುತ್ತದೆ. ಆಗ ಸದ್ದೇ ಇಲ್ಲದೆ ಬಾಯಿ ಬಿಟ್ಟು ಉಸಿರಾಡುತ್ತವೆ. ಬೂಷ್ಟು ರೋಗ ಹಿಡಿದ ಮರಿ ಔಷಧಿಗೆ ಬಗ್ಗುವುದು ಕಡಿಮೆ, ಹಾಸು ಬದಲಿಸಿದರೆ ಉಳಿದವಾದರೂ ಬದುಕುತ್ತವೆ.

ಮೂಗಿನಲ್ಲಿ ಸಿಂಬಳ, ಮುಖ ಊತ, ರಾತ್ರಿ ಹೊತ್ತು ಗೊರಗೊರ ಸದ್ದು ಇದ್ದರೆ ಅದು ನೆಗಡಿ ಅಥವಾ ದಿನಗಟ್ಟಲೆ ಎಳೆಯುವ ಉಸಿರಾಟದ ರೋಗ ಇರಬಹುದು. ಇದಕ್ಕೆ ಔಷಧಿ ಉಂಟು, ಆದರೆ ಪಶುವೈದ್ಯರು ನೋಡಿ ಕೊಡಬೇಕು. ಉಸಿರಾಟದ ಜೊತೆಗೆ ಹಸಿರು ಭೇದಿ, ರೆಕ್ಕೆ ಜೋತುಬೀಳುವುದು, ಕತ್ತು ತಿರುಚುವುದು, ಒಂದರ ಹಿಂದೆ ಒಂದು ಸಾಯುವುದು ಕಂಡರೆ ಮೊದಲು ಅನುಮಾನಿಸಬೇಕಾದ್ದು ಕೊಕ್ಕರೆ ರೋಗ. 1920ರ ದಶಕದಲ್ಲಿ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಕಂಡಿದ್ದರಿಂದ ಡಾಕ್ಟ್ರುಗಳು ಇದನ್ನು ರಾಣಿಖೇತ್ ರೋಗ ಅನ್ನುತ್ತಾರೆ. ಇದು ವೈರಸ್ಸಿನ ರೋಗ. ಬಂದ ಮೇಲೆ ಮದ್ದಿಲ್ಲ.

ಹಾಗಂತ ಗೊರಗುಟ್ಟುವ ಪಿಳ್ಳೆಯನ್ನು ಕೈಬಿಡಬೇಕಿಲ್ಲ. ಮೊದಲ ಕೆಲಸ, ಬೇರೆ ಮಾಡುವುದು. ಒಂದು ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಣಗಿದ ಹಾಸು ಹಾಕಿ, ಉಳಿದ ಕೋಳಿಗಳಿಂದ ದೂರ ಇಡಿ. ಎಳೆಯ ಮರಿಯಾದರೆ ಒಂದು ಪಕ್ಕಕ್ಕೆ 60 ವ್ಯಾಟಿನ ಹಳೇ ಬಲ್ಬು ಕಟ್ಟಿ, ರಟ್ಟಿಗೆ ತಾಗದ ಹಾಗೆ ನೋಡಿಕೊಳ್ಳಿ. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಬಿಸಿ ಬೇಕು. ಬಲ್ಬಿನ ಅಡಿಗೇ ಮುದುಡಿ ಕೂತರೆ ಚಳಿ, ದೂರ ಓಡಿದರೆ ಸೆಕೆ. ಪಿಳ್ಳೆಯೇ ಹೇಳಿಬಿಡುತ್ತದೆ. ಕಾಯಿಸಿ ಆರಿಸಿದ ನೀರು, ಮೆತ್ತಗಿನ ನುಚ್ಚು ಮುಂದಿಡಿ. ಬಾಯಿಗೆ ನೀರು ಹುಯ್ಯಬೇಡಿ, ಅದು ಉಸಿರುನಾಳಕ್ಕೆ ಇಳಿದರೆ ಅಲ್ಲೇ ಮುಗಿಯಿತು. ಮೂಗಿಗೆ ಎಣ್ಣೆ ಬಿಡುವುದು, ಹೊಗೆ ಹಾಕುವುದು ಬೇಡವೇ ಬೇಡ. ಮೊದಲು ಆರೋಗ್ಯವಾಗಿರುವ ಕೋಳಿಗಳ ಕೆಲಸ ಮುಗಿಸಿ, ಕಾಯಿಲೆಯದನ್ನು ಕೊನೆಗೆ ಮುಟ್ಟಿ, ಸೋಪಿನಲ್ಲಿ ಕೈ ತೊಳೆಯಿರಿ.

ಮೆಡಿಕಲ್ ಸ್ಟೋರಿನಿಂದ ಮನುಷ್ಯರ ಕ್ಯಾಪ್ಸೂಲ್ ತಂದು ಪುಡಿ ಮಾಡಿ ಕುಡಿಸುವ ಅಭ್ಯಾಸವಂತೂ ನಿಲ್ಲಬೇಕು. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಬೇಕಾಬಿಟ್ಟಿ ಕೊಟ್ಟರೆ ನಾಳೆ ನಮ್ಮ ಮಕ್ಕಳ ಕಾಯಿಲೆಗೂ ಔಷಧಿ ಹತ್ತದ ಹಾಗೆ ಆಗುತ್ತದೆ. ಇದೇ ಭಯಕ್ಕೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು ಕೋಳಿ, ಜಾನುವಾರುಗಳಿಗೆ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೊಕ್ಕರೆ ರೋಗಕ್ಕೆ ಮದ್ದಿಲ್ಲದಿದ್ದರೂ ಲಸಿಕೆ ಇದೆ. ಮರಿಗೆ 5ರಿಂದ 7 ದಿನ ಆದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕು ವಾರಕ್ಕೆ ಇನ್ನೊಂದು ಸಲ, ಎಂಟು ವಾರ ದಾಟಿದ ಮೇಲೆ ಒಂದು ಇಂಜೆಕ್ಷನ್. ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರ್ಕಾರಿ ಸಂಸ್ಥೆಯಲ್ಲೇ ಈ ರೋಗದ ಲಸಿಕೆ ತಯಾರಾಗುತ್ತದೆ. ಹಾಗಿದ್ದೂ ನಮ್ಮ ಹಿತ್ತಲಿಗೆ ಯಾಕೆ ಬರುವುದಿಲ್ಲ?

ಕಾರಣ ಸಣ್ಣದು. ಲಸಿಕೆಯ ಸೀಸೆ ಸಾಮಾನ್ಯವಾಗಿ 100 ಕೋಳಿ ಅಥವಾ ಅದಕ್ಕೂ ಹೆಚ್ಚಿನ ಲೆಕ್ಕದಲ್ಲಿ ಬರುತ್ತದೆ. ಐಸಿನಲ್ಲಿಟ್ಟೇ ತರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಎಂಟು ಕೋಳಿ ಇರುವ ಮನೆಯವರು ಒಂದು ಸೀಸೆ ತಂದು ಏನು ಮಾಡುತ್ತಾರೆ? ಕೋಳಿ ಫಾರಂನವರಿಗೆ ಈ ತೊಂದರೆ ಇಲ್ಲ. ಹಿತ್ತಲ ಕೋಳಿಗೆ ಬೀದಿಯೇ ಫಾರಂ. ಹತ್ತು ಹನ್ನೆರಡು ಮನೆ ಸೇರಿದರೆ ಒಂದು ಸೀಸೆ ಖಾಲಿ.

'ಒಂದು ಪಿಳ್ಳೆಗಾಗಿ ಡಾಕ್ಟ್ರು ಊರಿಗೆ ಬರ್ತಾರಾ?' ಎಂದು ಕೇಳುವವರಿದ್ದಾರೆ. ಒಂದು ಪಿಳ್ಳೆಗೆ ಬರಲಾರರು, ನಿಜ. ಪಶು ಆಸ್ಪತ್ರೆಗಳಿಗೆ ಕೆಲಸದ ಹೊರೆಯೂ ಇದೆ. ಆದರೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಆರು ತಿಂಗಳಿಗೊಮ್ಮೆ ಕೊಟ್ಟಿಗೆಗೆ ಬರುವ ವ್ಯವಸ್ಥೆ ಇದೆಯಲ್ಲ. ಆ ಬೀದಿಯಲ್ಲೇ ಕೋಳಿಗೂ ಒಂದು ದಿನ ಗೊತ್ತು ಮಾಡಲು ಏನು ಅಡ್ಡಿ? ಸಂಜೀವಿನಿ ಒಕ್ಕೂಟಗಳಲ್ಲಿ ಪಶುಸಖಿಯರು ಇದ್ದಾರೆ. ಕಣ್ಣಿಗೆ ಹನಿ ಹಾಕುವುದನ್ನು ಅವರಿಗೆ ಕಲಿಸಿ, ಐಸ್ ಬಾಕ್ಸ್ ಕೊಟ್ಟರೆ ಸಾಕು. ಹನಿಗೆ ಒಂದೆರಡು ರೂಪಾಯಿ ಶುಲ್ಕ ಇಟ್ಟರೂ ಜನ ಕೊಡುತ್ತಾರೆ.

ಇದು ಕನಸಿನ ಮಾತಲ್ಲ. ಆಫ್ರಿಕಾದ ಮೊಜಾಂಬಿಕ್, ತಾಂಜಾನಿಯಾ ಹಳ್ಳಿಗಳಲ್ಲಿ ಇದೇ ರೋಗಕ್ಕೆ ಊರಿನವರೇ ತರಬೇತಿ ಪಡೆದು ಮನೆಮನೆಗೆ ಹೋಗಿ ಕೋಳಿ ಕಣ್ಣಿಗೆ ಹನಿ ಹಾಕುತ್ತಾರೆ. ಅವರಲ್ಲಿ ಹೆಂಗಸರೂ ಇದ್ದಾರೆ. ಅಲ್ಲಿ ಬಳಸುವುದು ಬಿಸಿಲನ್ನು ಸ್ವಲ್ಪ ಹೆಚ್ಚು ತಡೆಯುವ ಐ-2 ಎಂಬ ಲಸಿಕೆ. ಲಸಿಕೆ ಬೇರೆ ಇರಬಹುದು, ಊರು ಒಂದಾಗುವ ದಾರಿ ಒಂದೇ.

ಊರಿನ ಕಡೆಯಿಂದಲೂ ಆಗಬೇಕಾದ್ದಿದೆ. ಒಂದು ಕೋಳಿ ತೂಕಡಿಸಿದ ತಕ್ಷಣ ಎಲ್ಲವನ್ನೂ ಸಂತೆಗೆ ಹೊತ್ತು ಮಾರುವುದು, ಸತ್ತದ್ದನ್ನು ನಾಲೆಗೋ ಕಾವೇರಿಗೋ ಎಸೆಯುವುದು ಅಕ್ಕಪಕ್ಕದ ಊರಿಗೂ ಬೆಂಕಿ ಇಟ್ಟ ಹಾಗೆ. ಸತ್ತ ಕೋಳಿಯನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಮಾರಿಹಬ್ಬಕ್ಕೋ ಚಿಕ್ಕಲ್ಲೂರು ಜಾತ್ರೆ ಸಮಯಕ್ಕೋ ಕೊಂಡು ತಂದ ಕೋಳಿಯನ್ನು ಎರಡು ವಾರ ಬೇರೆ ಕಟ್ಟಿ ನೋಡಿ ಆಮೇಲೆ ಮಂದೆಗೆ ಬಿಡಬೇಕು. ಒಮ್ಮೆಗೇ ಹಲವು ಕೋಳಿ ಸತ್ತರೆ ಬರಿಗೈಲಿ ಮುಟ್ಟದೆ ಪಶು ಇಲಾಖೆಗೆ ತಿಳಿಸಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಕ್ಕಿಜ್ವರ ಕಂಡಿದ್ದನ್ನು ಮರೆಯಬಾರದು. ಪಶು ಸಹಾಯವಾಣಿ ನಂಬರ್ 1962.

ಬರುವ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಪಟ್ಟಿಯ ಜೊತೆ ಒಂದು ಸಾಲು ಸೇರಿಸಿ: 'ಮೂರು ತಿಂಗಳಿಗೊಂದು ದಿನ, ಬೀದಿಗೊಂದು ಕೋಳಿ ಲಸಿಕೆ.' ಹೋಗುವ ಮೊದಲು ನಿಮ್ಮ ಬೀದಿಯ ಕೋಳಿ, ಪಿಳ್ಳೆಗಳನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹನಿಯನ್ನು ಆರೋಗ್ಯವಾಗಿರುವ ಕೋಳಿಗೇ ಹಾಕಬೇಕು. ಆದ್ದರಿಂದ ಗೊರಗೊರ ಕೇಳುವ ಮೊದಲೇ ಹೊರಡಿ.