ಮಾಡಿದವನ ಹೆಸರು ಎಲ್ಲಿ?

ಚೀನಾದ ಹಳೇ ಮೆರುಗಿನ ಬಟ್ಟಲು, ರೇಷ್ಮೆ ಅರಿವೆ ಅಂದ್ರ ಶ್ರೀಮಂತ ಸಂಗ್ರಾಹಕರಿಗೆ ಭಾಳ ಆಸೆ. ಹರಾಜಿನ ಪುಸ್ತಕದಾಗ ಮಾಲಿನ ಕೆಳಗ 'ಇಂಥಾ ಸಾಹೇಬರ ಸಂಗ್ರಹದ್ದು' ಅಂತ ಅಚ್ಚು ಹಾಕತಾರ. ಕೊಂಡವನ ಹೆಸರು ಐತಿ, ಮಾಡಿದವನದು ಇಲ್ಲ. ಇದನ್ನು ನಾನು ಒಪ್ಪೂದಿಲ್ಲ.

ಆ ಮೆರುಗು ನಮ್ಮ ಅರಗಲ್ಲ. ಅರಗು ಹುಳದಿಂದ ಬರತೈತಿ, ಇದು ಮರದ ಹಾಲು. ತೊಗಟೆಗೆ ಕಚ್ಚು ಹಾಕಿ ಹನಿಹನಿಯಾಗಿ ಇಳಿಸಬೇಕು. ಹಸಿ ಹಾಲು ಮೈಗೆ ತಾಗಿದರೆ ಕೇರಿನೆಣ್ಣೆ ಹತ್ತಿದಂಗ ಗುಳ್ಳೆ ಏಳತಾವ. ಒಂದು ಪದರು ಹಚ್ಚಿ, ತೇವದ ಹವಾದಾಗ ಒಣಗಿಸಿ, ತಿಕ್ಕಿ, ಮತ್ತ ಇನ್ನೊಂದು. ಕೆತ್ತನೆಯ ಕೆಲವು ಮಾಲಿಗೆ ಇಂಥ ಪದರು ನೂರರ ಮ್ಯಾಲೆ ಬೇಕು.

'ಹಿಂದಿನ ಕಾಲದಾಗ ಕೆಲಸಗಾರರ ಹೆಸರು ಬರೆಯೂ ರೂಢಿ ಇರಲಿಲ್ಲ' ಅಂತ ಯಾರಾದರೂ ಅಂದಾರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂದಾಗ ಕ್ರಿ.ಶ. 4ನೇ ಇಸವಿಯ ಚೀನಾದ ಮೆರುಗಿನ ಬಟ್ಟಲೊಂದು ಐತಿ. ಅದರ ಮ್ಯಾಲೆ 67 ಅಕ್ಷರ ಕೊರೆದಾರ. 6 ಮಂದಿ ಕೆಲಸಗಾರರ ಹೆಸರು, 7 ಮಂದಿ ತಪಾಸಣೆದವರ ಹೆಸರು. ಆಗೂ ಸಾಹೇಬರೇ ಹೆಚ್ಚು! ತಪ್ಪಾದರೆ ಹಿಡಿಯಾಕಂತ ಬರೆಸಿರಬಹುದು. ಆದರೂ ಮಾಡಿದವನ ಹೆಸರು ಎರಡು ಸಾವಿರ ವರ್ಷ ಉಳೀತು.

'ನಾವು ಕೊಳ್ಳದಿದ್ದರೆ ಹಾಳಾಗತಿತ್ತು' ಅನ್ನೋದು ಇನ್ನೊಂದು ಮಾತು. ಕೆಲವು ಹಂಗ ಉಳಿದದ್ದು ಖರೇ. ಆದರೆ ಕೊಳ್ಳಾವ ಇದ್ದಾನಂತನ ಅಗಿಯಾವ ಹುಟ್ಟತಾನ. 1942ರಾಗ ಚೀನಾದ ಚಾಂಗ್ಷಾ ಊರಾಗ ಕಳ್ಳರು ಎರಡು ಸಾವಿರ ವರ್ಷಕ್ಕೂ ಹಳೇದಾದ ಗೋರಿ ಅಗೆದು, ಬರಹ ಇದ್ದ ರೇಷ್ಮೆ ತಗದರು. ಅದು ಕೈಯಿಂದ ಕೈಗೆ ದಾಟಿ ಅಮೆರಿಕಾ ಸೇರಿತು. ಅದರ ಎರಡು ಭಾಗ ವಾಷಿಂಗ್ಟನ್ನಿನ ಮ್ಯೂಸಿಯಂದಿಂದ ಚೀನಾಕ್ಕ ತಿರುಗಿ ಹೋದದ್ದು 2025ರಾಗ, ಅಗೆದ 83 ವರ್ಷಕ್ಕ.

ಚೀನಾದ ಉಸಾಬರಿ ನಮಗ್ಯಾಕ ಅಂತೀರೇನು? ನಾನು ಡೊಳ್ಳಿನ ಪದ ಹಾಡಾವ. ಒಬ್ಬರು ಬಂದು ನಲವತ್ತು ಪದ ಬರಕೊಂಡು ಹೋದರು. ಪುಸ್ತಕ ಬಂತು. ಮ್ಯಾಲೆ 'ಸಂಗ್ರಹ' ಅಂತ ಅವರ ಹೆಸರು. ಆ ಪದ ನನಗ ಕಲಿಸಿದ ನಮ್ಮ ಗುರುವಿನ ಹೆಸರು ಒಳಗೂ ಇಲ್ಲ, ಹೊರಗೂ ಇಲ್ಲ. ನನ್ನ ಹೆಸರು ಇಲ್ಲದಿದ್ದರೆ ಹೋಗಲಿ, ಅವರದು ಬಿಟ್ಟದ್ದು ಇನ್ನೂ ಚುಚ್ಚತೈತಿ.

ಮಾಸ್ತರ್ರೇ, ಅಕ್ಕೋರೇ, ನಿಮಗೊಂದು ವಿನಂತಿ. ಮಕ್ಕಳ ಕೈಲೆ ಊರಿನ ಪದ ಬರೆಸುವಾಗ, ಹಳೇ ಕೌದಿ ಸಾಲಿಗೆ ತರಿಸುವಾಗ, ಹಾಡಿದಾಕಿ ಯಾರು, ಹೊಲಿದಾಕಿ ಯಾರು ಅಂತ ಮೊದಲು ಕೇಳಸ್ರಿ. ಆ ಹೆಸರು ಮ್ಯಾಲೆ ಬರೀಲಿ. ಕೂಡಿಸಿದವರ ಹೆಸರು ಕೆಳಗ ಇರಲಿ.